ಬಯಾಲಜಿ ನಿಯಮಗಳ ಹಾಳೆ: ಯಾವುದಕ್ಕೆ ಒಪ್ಪಬೇಕು, ಯಾವುದನ್ನು ಕೇಳಬೇಕು

ಓದುಗರ ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಹಳ್ಳಿ. ಮೂರು ಎಕರೆ ರೋಬಸ್ಟಾ ಕಾಫಿ ತೋಟ ಇದೆ. ಮಗಳು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಈ ವರ್ಷ ಮೊದಲ ಪಿಯುಸಿಗೆ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ಸೇರಿದ್ದಾಳೆ. ಬಯಾಲಜಿ ವಿಭಾಗದವರು ಎರಡು ಪುಟದ ನಿಯಮಗಳ ಹಾಳೆ ಕೊಟ್ಟು, ಅಪ್ಪ ಅಮ್ಮ ಸಹಿ ಹಾಕಿ ಕಳಿಸಬೇಕು ಅಂದಿದ್ದಾರೆ. ಹಾಜರಾತಿ 75% ಇರಲೇಬೇಕು. ಪ್ರಯೋಗಗಳನ್ನು ಬರೆದಿಡುವ ರೆಕಾರ್ಡ್ ಪುಸ್ತಕ ಪ್ರತಿ ವಾರ ತೋರಿಸಬೇಕು, ತಡವಾದರೆ ಅಂಕ ಕಡಿತ. ನೋಡಿ ಬರೆದಿದ್ದು ಗೊತ್ತಾದರೆ ಪುಟ ರದ್ದು. ಟೆಸ್ಟ್ ತಪ್ಪಿದರೆ ಮತ್ತೆ ಕೊಡುವುದಿಲ್ಲ. ಲ್ಯಾಬ್‌ಗೆ ಕೋಟು, ಶೂ ಇಲ್ಲದೆ ಬರುವಂತಿಲ್ಲ. ರಕ್ತದ ಗುಂಪಿನ ಪ್ರಯೋಗಕ್ಕೆ ಒಪ್ಪಿಗೆ ಪತ್ರ ಬೇಕು. ಇಷ್ಟೆಲ್ಲ ಬೇಕಾ? ಜೋರು ಮಳೆ ಬಂದರೆ ನಮ್ಮ ಕಡೆ ಬಸ್ಸೇ ಬರುವುದಿಲ್ಲ. ಜನವರಿಯಲ್ಲಿ ಕಾಫಿ ಕುಯ್ಯಲು ಆಳು ಸಿಗುವುದಿಲ್ಲ, ಆಗ ಹತ್ತು ದಿನ ರಜೆ ಹಾಕಿಸಬಹುದಾ? ಅವಳ ಅಣ್ಣ ಚಿತ್ರ ಚೆನ್ನಾಗಿ ಬಿಡಿಸುತ್ತಾನೆ, ರೆಕಾರ್ಡ್ ಅವನೇ ಬರೆದುಕೊಟ್ಟರೆ ತಪ್ಪಾ? ಮೆಡಿಕಲ್ ಪ್ರವೇಶದ ನೀಟ್ ಪರೀಕ್ಷೆಯ ಕೋಚಿಂಗ್‌ಗೆ ಈಗಲೇ ಸೇರಿಸಬೇಕಾ? ಕೊನೆಗೆ, ಮನೆಗೊಂದು ಮೈಕ್ರೋಸ್ಕೋಪ್ ಕೊಡಿಸಬೇಕಾ?

ಉತ್ತರ: ಸಹಿ ಹಾಕಿ. ಆದರೆ ಹಾಕುವ ಮುಂಚೆ ಎರಡು ವಿಷಯ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಮಳೆಯಿಂದ ಟೆಸ್ಟ್ ತಪ್ಪಿದರೆ ಏನು, ಮಳೆಯಿಂದ ರೆಕಾರ್ಡ್ ತಡವಾದರೆ ಏನು. ಉಳಿದ ನಿಯಮಗಳ ಬಗ್ಗೆ ನಾನು ಕಾಲೇಜಿನ ಪರ. ಅಣ್ಣ ಚಿತ್ರ ಬಿಡಿಸಿಕೊಡುವುದು ಬೇಡ. ಜನವರಿಯಲ್ಲಿ ಹತ್ತು ದಿನ ರಜೆಯೂ ಬೇಡ. ಯಾಕೆ ಅಂತ ಹೇಳುತ್ತೇನೆ. ರೆಕಾರ್ಡ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಹಾಳೆಯ ಅರ್ಧಕ್ಕರ್ಧ ನಿಯಮಗಳ ಬೇರು ಅಲ್ಲೇ ಇದೆ.

ಹೈಸ್ಕೂಲಿನ ವಿಜ್ಞಾನಕ್ಕೂ ಪಿಯುಸಿ ಬಯಾಲಜಿಗೂ ಇರುವ ದೊಡ್ಡ ವ್ಯತ್ಯಾಸ ಪುಟಗಳ ಸಂಖ್ಯೆ ಅಲ್ಲ. ಅಲ್ಲಿಯವರೆಗೆ ಮಗು ಪುಸ್ತಕದಲ್ಲಿದ್ದ ಚಿತ್ರ ನೋಡಿ ಚಿತ್ರ ಬರೆದಿದೆ. ಈಗ ವಸ್ತು ನೋಡಿ ಚಿತ್ರ ಬರೆಯಬೇಕು. ಈ ಒಂದು ಅಭ್ಯಾಸ ಬಂದರೆ ಉಳಿದದ್ದು ಸುಲಭ. ಬರದಿದ್ದರೆ ಎರಡು ವರ್ಷವೂ ಉರು ಹೊಡೆಯುವುದೇ ಗತಿ.

ಈರುಳ್ಳಿ ಬೇರಿನ ಪ್ರಯೋಗವನ್ನೇ ತೆಗೆದುಕೊಳ್ಳಿ. ಜೀವಕೋಶ ಹೇಗೆ ಎರಡಾಗುತ್ತದೆ ಅಂತ ತೋರಿಸುವ ಪಾಠ ಇದು. ಒಂದು ಲೋಟ ನೀರಿನ ಮೇಲೆ ಈರುಳ್ಳಿ ಕೂರಿಸಿದರೆ ನಾಲ್ಕೈದು ದಿನದಲ್ಲಿ ಬಿಳಿ ಬೇರು ಇಳಿಯುತ್ತದೆ. ಬೆಳಿಗ್ಗೆ ಹೊತ್ತು ಬೇರಿನ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಸೇರಿಸಿದ ದ್ರವದಲ್ಲಿ ಇಡುತ್ತಾರೆ. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಬಿಸಿ ಮಾಡಿ ಮೆತ್ತಗೆ ಮಾಡುತ್ತಾರೆ. ಅಸಿಟೋಕಾರ್ಮೈನ್ ಅನ್ನುವ ಬಣ್ಣ ಹಾಕಿದರೆ ಕ್ರೋಮೋಸೋಮುಗಳು, ಅಂದರೆ ಕೋಶದೊಳಗೆ ವಂಶಗುಣ ಹೊತ್ತ ಎಳೆಗಳು, ಕೆಂಪು ಹಿಡಿಯುತ್ತವೆ. ಮೇಲೆ ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಇಟ್ಟು, ಬ್ಲಾಟಿಂಗ್ ಪೇಪರ್ ಮಡಿಸಿ, ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಸ್ಲಿಪ್ ಪಕ್ಕಕ್ಕೆ ಜಾರಿದರೆ ಕೋಶಗಳೆಲ್ಲ ಸುರುಳಿ ಸುತ್ತಿಕೊಂಡು ಕೆಟ್ಟುಹೋಗುತ್ತವೆ.

ಈಗ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಏನು ಕಾಣುತ್ತದೆ? ಪುಸ್ತಕದಲ್ಲಿರುವ ಹಾಗೆ ಸಾಲಾಗಿ ನಾಲ್ಕು ಹಂತ ನಿಂತಿರುವುದಿಲ್ಲ. ಬಹುಪಾಲು ಕೋಶಗಳು ಸುಮ್ನೆ ದುಂಡಗಿನ ನ್ಯೂಕ್ಲಿಯಸ್ ಇಟ್ಟುಕೊಂಡು ಕೂತಿರುತ್ತವೆ. ಎಲ್ಲೋ ಮೂಲೆಯಲ್ಲಿ ಒಂದು ಮೆಟಾಫೇಸ್ (ಕ್ರೋಮೋಸೋಮುಗಳು ಕೋಶದ ನಡುವೆ ಸಾಲು ನಿಂತ ಹಂತ), ಅದೂ ಓರೆಯಾಗಿ. ಪಕ್ಕದಲ್ಲಿ ಒಂದು ಗಾಳಿಗುಳ್ಳೆ. ಆ ಗಾಳಿಗುಳ್ಳೆಯನ್ನು ದೊಡ್ಡ ಕೋಶ ಅಂದುಕೊಂಡು ಹೆಸರು ಬರೆಯುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಬರೆಯಲಿ. ಸುತ್ತ ದಪ್ಪ ಕಪ್ಪು ಅಂಚು, ಒಳಗೆ ಏನೂ ಇಲ್ಲ, ಅದು ಕೋಶ ಅಲ್ಲ ಅಂತ ಒಂದು ಸಲ ಹೇಳಿಸಿಕೊಂಡವಳು ಮತ್ತೆ ಮರೆಯುವುದಿಲ್ಲ.

ಅಣ್ಣ ಬಿಡಿಸಿಕೊಟ್ಟ ಚಿತ್ರದಲ್ಲಿ ಇದು ಯಾವುದೂ ಇರುವುದಿಲ್ಲ. ಅಲ್ಲಿ ನಾಲ್ಕು ಹಂತ, ನಾಲ್ಕು ಅಚ್ಚುಕಟ್ಟು ಚೌಕ, ಚೆಂದದ ಶೇಡಿಂಗ್. ಅಂದಹಾಗೆ ಬಯಾಲಜಿ ಚಿತ್ರಕ್ಕೆ ಶೇಡಿಂಗ್ ಬೇಕಾಗಿಲ್ಲ. ಒಂದೇ ಗೆರೆ, ಬೇಕಾದಲ್ಲಿ ಚುಕ್ಕಿ, ಒಂದೇ ಬದಿಗೆ ಹೆಸರು, ಅಷ್ಟೇ. ಚಿತ್ರಕಲೆ ಬರದ ಮಕ್ಕಳೂ ಇದರಲ್ಲಿ ಪೂರ್ತಿ ಅಂಕ ತೆಗೆಯಬಹುದು. ‘ನನಗೆ ಡ್ರಾಯಿಂಗ್ ಬರಲ್ಲ’ ಅನ್ನುವ ಮಗಳಿಗೆ ಮೊದಲು ಹೇಳಬೇಕಾದ ಮಾತು ಇದು.

ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ಬಯಾಲಜಿಯ 100 ಅಂಕದಲ್ಲಿ 70 ಥಿಯರಿ, 30 ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎದುರಿಗೆ ಕೂತವರು ಬಾಯಲ್ಲೂ ಪ್ರಶ್ನೆ ಕೇಳುತ್ತಾರೆ. ‘ಬೇರಿನ ತುದಿಯನ್ನೇ ಯಾಕಮ್ಮ ತೆಗೆದುಕೊಂಡೆ? ನಡು ಭಾಗ ಯಾಕೆ ಬೇಡ?’ ಅಂತ ಕೇಳಿದರೆ, ಕೈಯಾರೆ ಮಾಡಿದವಳಿಗೆ ಉತ್ತರ ಗೊತ್ತಿರುತ್ತದೆ: ತುದಿಯಲ್ಲೇ ಕೋಶಗಳು ಜಾಸ್ತಿ ಎರಡಾಗುತ್ತಿರುತ್ತವೆ, ಮೇಲೆ ಹೋದ ಹಾಗೆ ಬರೀ ಉದ್ದವಾಗುತ್ತವೆ. ‘ಈರುಳ್ಳಿಯೇ ಯಾಕೆ?’ ಅಂದರೆ, ಕ್ರೋಮೋಸೋಮುಗಳು ದೊಡ್ಡವು, ಬರೀ 16 ಇವೆ, ಎಣಿಸುವುದು ಸುಲಭ. ಅಣ್ಣನ ಚಿತ್ರ ಹಿಡಿದುಕೊಂಡು ಹೋದವಳು ಅಲ್ಲಿ ತಡವರಿಸುತ್ತಾಳೆ. ಪರೀಕ್ಷೆ ಮಾಡುವವರಿಗೆ ಅದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

‘ಪುಟ ರದ್ದು’ ಅನ್ನುವ ನಿಯಮ ಒರಟು ಅನ್ನಿಸಬಹುದು. ನಾನಾಗಿದ್ದರೆ ಆ ಪುಟದ ಪಕ್ಕದಲ್ಲೇ ಮತ್ತೆ ಬರೆಸುತ್ತಿದ್ದೆ. ಆದರೆ ನಿಯಮದ ಉದ್ದೇಶ ಸರಿ ಇದೆ. ಇಂಟರ್‌ನೆಟ್ಟಿನಿಂದ ಇಳಿಸಿದ ಪ್ರಾಜೆಕ್ಟು, ಎಐಗೆ ಕೇಳಿ ಬರೆಸಿದ ಪ್ರಾಜೆಕ್ಟು, ಇವಕ್ಕೂ ಅದೇ ಮಾತು. ಸುಂಟಿಕೊಪ್ಪದ ಹುಡುಗಿಯ ಪ್ರಾಜೆಕ್ಟಿನಲ್ಲಿ ರಾಜಸ್ಥಾನದ ಗಿಡಗಳ ಪಟ್ಟಿ ಬಂದರೆ ಲೆಕ್ಚರರ್‌ಗೆ ಬೇರೆ ಸಾಕ್ಷಿ ಬೇಕಾ?

ಈಗ ಮಳೆಯ ವಿಷಯ. ಇಲ್ಲಿ ನಿಮ್ಮ ದೂರು ನ್ಯಾಯವಾದದ್ದು. ನಿಯಮಗಳ ಹಾಳೆಯನ್ನು ಬಯಲುಸೀಮೆಯ ಯಾವುದೋ ಕಾಲೇಜಿನಿಂದ ನಕಲು ಮಾಡಿದ ಹಾಗಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಕಾಲೇಜು ನಡೆಸುವುದೇ ಬೇರೆ ಲೆಕ್ಕ. ಜಿಲ್ಲಾಧಿಕಾರಿ ರಜೆ ಘೋಷಿಸುವುದು ಎಷ್ಟೋ ಸಲ ಹಿಂದಿನ ರಾತ್ರಿ, ಕೆಲವು ಸಲ ಬೆಳಿಗ್ಗೆಯೇ. ಆ ರಜೆಗಳಿಂದ ನಿಮ್ಮ ಮಗಳ ಹಾಜರಾತಿಗೆ ತೊಂದರೆ ಇಲ್ಲ. ಕಾಲೇಜೇ ಮುಚ್ಚಿದ ದಿನ ಯಾರಿಗೂ ಗೈರು ಬೀಳುವುದಿಲ್ಲ. ಆ ಪಾಠಗಳನ್ನು ಆಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಮಾಡಿ ಮುಗಿಸುತ್ತಾರೆ. ಆ ಭಾನುವಾರಗಳನ್ನು ಮಾತ್ರ ಕೆಲಸದ ದಿನ ಅಂತಲೇ ತಿಳಿದುಕೊಳ್ಳಿ, ಹಾಜರಿ ಅಲ್ಲೂ ಹಾಕುತ್ತಾರೆ.

ನಿಜವಾದ ತೊಂದರೆ ಬೇರೆ ಕಡೆ ಇದೆ. ಕಾಲೇಜು ತೆರೆದಿದೆ, ಮಡಿಕೇರಿಯಲ್ಲಿ ಬಿಸಿಲೂ ಇದೆ, ಆದರೆ ನಿಮ್ಮೂರ ರಸ್ತೆಗೆ ಮರ ಬಿದ್ದಿದೆ. ಅಥವಾ ರಸ್ತೆ ಪಕ್ಕದ ಬರೆ (ಮಣ್ಣಿನ ದಿಬ್ಬ) ಜರಿದು ಬಸ್ ನಿಂತಿದೆ. ಸಿದ್ದಾಪುರದ ಕಡೆಯ ಮಕ್ಕಳಿಗಾದರೆ ಬೆಳಗಿನ ಸ್ಪೆಷಲ್ ಕ್ಲಾಸಿಗೆ ಹೊರಡುವ ದಾರಿಯಲ್ಲಿ ಆನೆ. ಇಂಥ ದಿನಗಳ ಗೈರು ರಿಜಿಸ್ಟರಿನಲ್ಲಿ ಬೀಳುತ್ತದೆ, ಆದರೆ ಕಾರಣ ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದ ಅದೇ ವಾರ ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ. ನಾಲ್ಕು ಸಾಲು ಸಾಕು: ದಿನಾಂಕ, ರಸ್ತೆಯ ಹೆಸರು, ಏನಾಗಿತ್ತು, ನಿಮ್ಮ ಸಹಿ. ಒಂದು ಪ್ರತಿಗೆ ಆಫೀಸಿನ ಸೀಲು ಹಾಕಿಸಿ ಇಟ್ಟುಕೊಳ್ಳಿ. ಮರ ಬಿದ್ದ ಫೋಟೋ ಇದ್ದರೆ ಜೊತೆಗಿಡಿ. ಜನವರಿಯಲ್ಲಿ ಹಾಜರಾತಿ ಕಮ್ಮಿ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ಮೇಲೆ ಓಡಿಹೋಗಿ ‘ಜುಲೈಯಲ್ಲಿ ಮಳೆ ಇತ್ತು’ ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಜುಲೈಯಲ್ಲಿ ಕೊಡಗಿನಲ್ಲಿ ಮಳೆ ಇತ್ತು ಅನ್ನುವುದು ಎಲ್ಲರಿಗೂ ಗೊತ್ತು!

ಟೆಸ್ಟಿನ ಬಗ್ಗೆ ಹೀಗೆ ಕೇಳಿ: ‘ರಜೆ ಘೋಷಣೆಯಾದರೆ ಟೆಸ್ಟ್ ಮುಂದಿನ ಕೆಲಸದ ದಿನ ಅದೇ ಪೀರಿಯಡ್‌ನಲ್ಲಿ ನಡೆಯುತ್ತದೆಯೇ? ರಸ್ತೆ ಬಂದ್ ಆಗಿ ಬರಲಾಗದವರಿಗೆ ವಾರದೊಳಗೆ ಇನ್ನೊಂದು ಅವಕಾಶ ಇದೆಯೇ?’ ಹೆಚ್ಚಿನ ಕಾಲೇಜುಗಳು ಬಾಯಿಮಾತಿನಲ್ಲಿ ಇದನ್ನು ಮಾಡೇ ಮಾಡುತ್ತವೆ. ಆದರೆ ಹಾಳೆಯಲ್ಲಿ ‘ಮತ್ತೆ ಕೊಡುವುದಿಲ್ಲ’ ಅಂತ ಇದ್ದರೆ, ಧೈರ್ಯ ಇರುವ ಮಕ್ಕಳು ಹೋಗಿ ಕೇಳುತ್ತಾರೆ, ನಾಚಿಕೆಯ ಮಕ್ಕಳು ಸೊನ್ನೆ ತೆಗೆದುಕೊಂಡು ಸುಮ್ಮನಾಗುತ್ತಾರೆ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಮೊದಲ ವರ್ಷ ಹೆಚ್ಚಾಗಿ ಎರಡನೇ ಗುಂಪಿನಲ್ಲೇ ಇರುತ್ತಾರೆ. ಅದಕ್ಕೇ ಬರವಣಿಗೆಯಲ್ಲಿ ಇರಲಿ ಅನ್ನುವುದು.

ಪ್ರಾಕ್ಟಿಕಲ್ ತಪ್ಪಿದರೆ ಮಾತ್ರ ಪತ್ರದಿಂದ ಕೆಲಸ ಆಗುವುದಿಲ್ಲ. ಪಾಠ ತಪ್ಪಿದರೆ ಗೆಳತಿಯ ನೋಟ್ಸ್ ಇದೆ, ಪ್ರಯೋಗಕ್ಕೆ ನೋಟ್ಸ್ ಇಲ್ಲ. ಸಾಮಾನ್ಯವಾಗಿ ಕ್ಲಾಸನ್ನು ಎರಡು ಮೂರು ಬ್ಯಾಚ್ ಮಾಡಿರುತ್ತಾರೆ. ಸೋಮವಾರದ ಬ್ಯಾಚ್ ತಪ್ಪಿದವಳು ಬುಧವಾರದ ಬ್ಯಾಚಿನ ಕೊನೆಯ ಬೆಂಚಿನಲ್ಲಿ ನಿಂತು ಮಾಡಬಹುದು. ಲೆಕ್ಚರರ್ ಹತ್ತಿರ ಹೋಗಿ ‘ಮೇಡಂ, ನಾಳಿದ್ದು ಆ ಬ್ಯಾಚಿನ ಜೊತೆ ಬರಲಾ?’ ಅಂತ ಕೇಳಲು ಮಗಳಿಗೆ ಹೇಳಿಕೊಡಿ. ಹೀಗೆ ಕೇಳಿದ ಮಗುವಿಗೆ ಬೇಡ ಅನ್ನುವವರು ಕಮ್ಮಿ.

ಜನವರಿಗೆ ಬರೋಣ. ಆಳಿನ ಕಷ್ಟ ನನಗೂ ಗೊತ್ತು. ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನು ನೋಡಿಕೊಂಡು ಕೂರಲು ಯಾರಿಗೂ ಆಗುವುದಿಲ್ಲ. ಆದರೆ ರೋಬಸ್ಟಾ ಕೊಯ್ಲಿನ ಹೊತ್ತೂ ಕಾಲೇಜಿನ ಕೊನೆಯ ಓಟವೂ ಒಂದೇ ಸಲ ಬರುತ್ತವೆ. ಪಾಠ ಮುಗಿಸುವುದು, ರೆಕಾರ್ಡ್‌ಗೆ ಕೊನೆಯ ಸಹಿ, ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿ, ಅದರ ಬೆನ್ನಿಗೇ ವಾರ್ಷಿಕ ಪರೀಕ್ಷೆ. ಆ ಹತ್ತು ದಿನ ಜುಲೈಯ ಹತ್ತು ದಿನದ ಹಾಗಲ್ಲ. ಭಾನುವಾರ ಕುಯ್ಯಲಿ, ಸಂಜೆ ಕಣದಲ್ಲಿ ಕೈ ಜೋಡಿಸಲಿ. ಕೈಲ್‌ಪೊಳ್ದ್, ಹುತ್ತರಿ ಹಬ್ಬಗಳಿಗೆ ಒಂದೊಂದು ದಿನ ಜಾಸ್ತಿ ರಜೆ ಹಾಕಿದರೂ ನಾನು ಏನೂ ಹೇಳುವುದಿಲ್ಲ. ಜನವರಿಯ ಹತ್ತು ದಿನ ಮಾತ್ರ ಬಿಟ್ಟುಬಿಡಿ.

ಒಂದು ಮಾತು. ಭಾನುವಾರ ಕುಯ್ಯುವಾಗ ಅವಳು ಬಯಾಲಜಿಯಿಂದ ದೂರ ಇರುತ್ತಾಳೆ ಅಂದುಕೊಳ್ಳಬೇಡಿ. ಒಂದು ಹಣ್ಣು ಹಿಸುಕಿದರೆ ಎರಡು ಬೀಜ, ಮುಖಕ್ಕೆ ಮುಖ ಕೊಟ್ಟು ಚಪ್ಪಟೆಯಾಗಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ದುಂಡು ಬೀಜ, ನೀವು ಪೀಬೆರಿ ಅನ್ನುತ್ತೀರಿ. ಅದೇನು ಬೇರೆ ಜಾತಿ ಅಲ್ಲ. ಬೀಜವಾಗಬೇಕಾದ ಎರಡು ಅಂಡಕಗಳಲ್ಲಿ ಒಂದು ಬೆಳೆಯದೆ ಹೋಯಿತು, ಇನ್ನೊಂದಕ್ಕೆ ಜಾಗ ಸಿಕ್ಕಿತು, ಅದು ದುಂಡಗಾಯಿತು. ಎರಡನೇ ಪಿಯುಸಿಯ ಮೊದಲ ಪಾಠ ಹೂವಿನ ಗಿಡಗಳ ಸಂತಾನೋತ್ಪತ್ತಿ. ಅಲ್ಲಿ ‘ಸ್ವಂತ ಪರಾಗವನ್ನು ಒಪ್ಪದ ಗಿಡಗಳು’ ಅಂತ ಒಂದು ಭಾಗ ಇದೆ. ಮಕ್ಕಳು ಅದನ್ನು ಉರು ಹೊಡೆಯುತ್ತಾರೆ. ನಿಮ್ಮ ಮೂರು ಎಕರೆ ಪೂರ್ತಿ ಅದೇ ಇದೆ: ರೋಬಸ್ಟಾ ತನ್ನ ಪರಾಗದಿಂದ ತಾನು ಕಾಯಿ ಕಟ್ಟುವುದಿಲ್ಲ, ಪಕ್ಕದ ಬೇರೆ ಗಿಡದ್ದು ಬೇಕು, ಗಾಳಿಯೋ ಜೇನೋ ತರಬೇಕು. ಅರೇಬಿಕಾಗೆ ಆ ತಕರಾರಿಲ್ಲ, ತನ್ನದೇ ಸಾಕು. ರೋಬಸ್ಟಾದ ಕ್ರೋಮೋಸೋಮು 22, ಅರೇಬಿಕಾದ್ದು 44. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದಾಗ ಒಂದು ಹೂ ಕಿತ್ತು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಲಿ. ದಳಗಳ ಕೆಳಗೆ ಪುಟ್ಟ ಹಸಿರು ಗಂಟು, ಅದೇ ಅಂಡಾಶಯ. ಮನೆ ಹಿಂದಿನ ಬದನೆ ಹೂವನ್ನೂ ಹಾಗೇ ಸೀಳಲಿ. ಅದರಲ್ಲಿ ಅಂಡಾಶಯ ದಳಗಳಿಗಿಂತ ಮೇಲೆ ಇರುತ್ತದೆ. ಹೂವಿನ ಭಾಗಗಳನ್ನು ಅಕ್ಷರಗಳಲ್ಲಿ ಬರೆಯುವ ‘ಹೂವಿನ ಸೂತ್ರ’ದಲ್ಲಿ ಅಂಡಾಶಯದ ಗೆರೆ ಅಕ್ಷರದ ಮೇಲೆ ಎಳೆಯಬೇಕೋ ಕೆಳಗೆ ಎಳೆಯಬೇಕೋ ಅನ್ನುವ ಗೊಂದಲ ಅವಳಿಗೆ ಆಮೇಲೆ ಬರುವುದಿಲ್ಲ.

ಎಲೆ ತುಕ್ಕು ರೋಗವೂ ಹಾಗೆಯೇ. ಮೊದಲ ಪಿಯುಸಿಯ ವರ್ಗೀಕರಣದ ಪಾಠದಲ್ಲಿ ತುಕ್ಕು ರೋಗದ ಶಿಲೀಂಧ್ರಕ್ಕೆ ಗೋಧಿಯ ಉದಾಹರಣೆ ಬರುತ್ತದೆ. ಕೊಡಗಿನ ಮಕ್ಕಳು ಗೋಧಿ ಗಿಡ ನೋಡಿರುವುದು ಕಮ್ಮಿ. ಅರೇಬಿಕಾ ಎಲೆಯ ಅಡಿಯ ಕಿತ್ತಳೆ ಪುಡಿಯನ್ನು ಎಲ್ಲರೂ ಬೆರಳಲ್ಲಿ ಒರೆಸಿ ನೋಡಿರುತ್ತಾರೆ. ಅದೂ ಅದೇ ಬಳಗದ ಶಿಲೀಂಧ್ರ, ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ನಿಮಗೆ ದೂರವೇನಲ್ಲ. ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಲೆಕ್ಚರರ್‌ಗೆ ಹೇಳಿ ಒಂದು ಪತ್ರ ತೆಗೆದುಕೊಂಡು ಹೋಗಿ ಕೇಳಬಹುದು.

ತೋಟದಿಂದ, ಕಾಡಿನಿಂದ ಏನು ತರಬಹುದು ಅನ್ನುವ ಬಗ್ಗೆ ನಿಮ್ಮ ಹಾಳೆಯಲ್ಲಿ ಏನೂ ಇದ್ದ ಹಾಗಿಲ್ಲ. ಇರಬೇಕಿತ್ತು. ಸ್ವಂತ ತೋಟದ ಎಲೆ, ಹೂ, ಮಣ್ಣು ತರಲಿ. ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ದೇವರಕಾಡಿನಿಂದ ಒಂದು ಕಡ್ಡಿಯೂ ಬೇಡ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ಅವು ಉಳಿದಿರುವುದೇ ಯಾರೂ ಕೈ ಹಾಕದ್ದರಿಂದ. ಅಲ್ಲಿ ಹೊರಗೆ ನಿಂತು ಮರಗಳ ಪಟ್ಟಿ ಮಾಡಬಹುದು, ಅದೇ ಒಳ್ಳೆಯ ಪ್ರಾಜೆಕ್ಟು. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ, ನಾಗರಹೊಳೆಯಲ್ಲಿ, ಗಿಡವಾಗಲಿ ಹುಳವಾಗಲಿ ತೆಗೆಯುವುದು ಅಪರಾಧ. 1972ರ ವನ್ಯಜೀವಿ ಕಾಯ್ದೆಗೆ ‘ಕಾಲೇಜು ಪ್ರಾಜೆಕ್ಟು’ ಅನ್ನುವ ವಿನಾಯಿತಿ ಗೊತ್ತಿಲ್ಲ. ಸೀತಾಳೆ ದಂಡೆಯನ್ನು (ಮರದ ಮೇಲೆ ಬೆಳೆಯುವ ಆರ್ಕಿಡ್) ಮರದಿಂದ ಕಿತ್ತು ರೆಕಾರ್ಡಿಗೆ ಅಂಟಿಸುವುದು, ಚಿಟ್ಟೆ ಹಿಡಿದು ಪಿನ್ ಚುಚ್ಚುವುದು, ಇವೆಲ್ಲ ಹಳೇ ಕಾಲದ ರೂಢಿ. ಈಗ ಫೋಟೋ ಸಾಕು. ಕಪ್ಪೆ ಕೊಯ್ಯುವ ಕಾಲವೂ ಹೋಯಿತು, ಮಾದರಿ ಮತ್ತು ಚಿತ್ರ ನೋಡಿ ಕಲಿಯುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಆ ಭಯ ಇದ್ದರೆ ಬಿಟ್ಟುಬಿಡಿ.

ಲ್ಯಾಬ್ ನಿಯಮಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಮ್ಲ ಇದೆ, ಬ್ಲೇಡ್ ಇದೆ, ಸ್ಪಿರಿಟ್ ದೀಪ ಇದೆ. ಮಳೆಗಾಲದಲ್ಲಿ ಎಲ್ಲರೂ ಸ್ಲಿಪ್ಪರ್ ಹಾಕುತ್ತಾರೆ, ಒದ್ದೆ ಶೂ ಯಾರಿಗೂ ಇಷ್ಟ ಇಲ್ಲ, ಸರಿ. ಹಳೇ ಜೋಡಿ ಶೂ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪ್ರಾಕ್ಟಿಕಲ್ ದಿನ ಕಳಿಸಿ. ಕೂದಲು ಕಟ್ಟಿರಲಿ. ಕೋಟು ಹೊಸದೇ ಆಗಬೇಕಿಲ್ಲ, ಸೀನಿಯರ್ ಮಕ್ಕಳ ಹತ್ತಿರ ಕೇಳಿದರೆ ಸಿಗುತ್ತದೆ.

ರಕ್ತದ ಗುಂಪಿನ ಪ್ರಯೋಗಕ್ಕೆ ಒಪ್ಪಿಗೆ ಕೇಳಿದ್ದು ಕಾಲೇಜಿನವರ ಒಳ್ಳೆಯ ಗುಣ. ಒಪ್ಪಿಗೆ ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಪ್ರತಿ ಮಗುವಿಗೂ ಹೊಸ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ) ತೆಗೆಯುತ್ತಾರಾ? ಹೌದು ಅಂದರೆ ಸಹಿ ಹಾಕಿ. ಒಬ್ಬರಿಗೆ ಚುಚ್ಚಿದ್ದನ್ನು ಸ್ಪಿರಿಟ್‌ನಲ್ಲಿ ಒರೆಸಿ ಇನ್ನೊಬ್ಬರಿಗೆ ಚುಚ್ಚುವುದಾದರೆ ಬೇಡವೇ ಬೇಡ. ಬೆರಳು ಚುಚ್ಚಿಸಿಕೊಳ್ಳಲು ಹೆದರುವ ಮಗುವನ್ನು ಬಲವಂತ ಮಾಡಬೇಕಾಗಿಯೂ ಇಲ್ಲ. ಪಕ್ಕದವಳ ಸ್ಲೈಡಿನಲ್ಲಿ ರಕ್ತ ಗಂಟುಕಟ್ಟುವುದನ್ನು ನೋಡಿದರೂ ಪಾಠ ಬರುತ್ತದೆ.

ಇದೇ ಸಾಲಿಗೆ ಇನ್ನೊಂದು ವಿಷಯ ಸೇರಿಸುತ್ತೇನೆ. ಮುಂದಿನ ವರ್ಷ ಆನುವಂಶಿಕತೆಯ ಪಾಠದಲ್ಲಿ ವಂಶವೃಕ್ಷದ ಚಾರ್ಟ್ ಬರುತ್ತದೆ. ‘ನಿಮ್ಮ ಮನೆಯದ್ದೇ ಬರೆದುಕೊಂಡು ಬನ್ನಿ’ ಅಂತ ಹೋಮ್‌ವರ್ಕ್ ಕೊಡುವವರಿದ್ದಾರೆ. ವಂಶದಲ್ಲಿ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್ ಇರುವ ಮನೆಯ ಮಗುವಿಗೆ, ಅಪ್ಪ ಬಿಟ್ಟುಹೋದ ಮನೆಯ ಮಗುವಿಗೆ ಅದು ಎಷ್ಟು ಮುಜುಗರ ಅಂತ ಯೋಚಿಸುವುದಿಲ್ಲ. ಕಟ್ಟುಕತೆಯ ಕುಟುಂಬ ಬರೆಯಲು ಯಾವಾಗಲೂ ಅವಕಾಶ ಇರಬೇಕು. ಅದೇ ವರ್ಷ ಮನುಷ್ಯರ ಸಂತಾನೋತ್ಪತ್ತಿ, ಸಂತಾನ ಆರೋಗ್ಯದ ಪಾಠಗಳೂ ಇವೆ. ಹುಡುಗ ಹುಡುಗಿ ಒಟ್ಟಿಗೆ ಕೂತಿರುವಾಗ ಅದು ಬೇಡ, ಮನೆಯಲ್ಲಿ ಓದಿಕೊಳ್ಳಲಿ ಅಂತ ಕೆಲವು ಪೋಷಕರು ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಕ್ಲಾಸಿನಲ್ಲಿ ನೆಟ್ಟಗೆ ಹೇಳದಿದ್ದರೆ ಮೊಬೈಲ್ ಹೇಳುತ್ತದೆ, ಅದೂ ಸೊಟ್ಟಗೆ.

ಓದುವುದರ ಬಗ್ಗೆ. ಕರ್ನಾಟಕದ ಪಿಯು ವಿಜ್ಞಾನಕ್ಕೆ ಇರುವುದು ಎನ್‌ಸಿಇಆರ್‌ಟಿ ಪಠ್ಯ. ಮೊದಲ ವರ್ಷ 19 ಪಾಠ, ಎರಡನೇ ವರ್ಷ 13. ಮೊದಲ ಎರಡು ಮೂರು ತಿಂಗಳು ಕನ್ನಡ ಮೀಡಿಯಂ ಮಕ್ಕಳು ಸೋತು ಹೋಗುವುದು ಬುದ್ಧಿ ಸಾಲದೆ ಅಲ್ಲ, ಹೆಸರುಗಳ ಭಾರಕ್ಕೆ. ಪ್ರಾಣಿಗಳ ವರ್ಗೀಕರಣದ ಒಂದೇ ಪುಟದಲ್ಲಿ ಇಪ್ಪತ್ತು ಲ್ಯಾಟಿನ್ ಹೆಸರು ಇರುತ್ತವೆ. ಒಂದು ಉದ್ದ ನೋಟ್‌ಬುಕ್ ತೆಗೆದು ಎಡಕ್ಕೆ ಇಂಗ್ಲಿಷ್ ಹೆಸರು, ಬಲಕ್ಕೆ ಅವಳದೇ ಕನ್ನಡದಲ್ಲಿ ಅರ್ಥ, ಪಕ್ಕದಲ್ಲಿ ಒಂದು ಸಣ್ಣ ಚಿತ್ರ. ಆ ದಿನದ್ದು ಆ ದಿನವೇ, ಮುಕ್ಕಾಲು ಗಂಟೆ ಸಾಕು. ಕರೆಂಟ್ ಹೋದ ರಾತ್ರಿ ಬಿಟ್ಟುಹೋದರೆ ಮರುದಿನ ಬಸ್ಸಿನಲ್ಲಿ ಓದಲಿ. ಪರೀಕ್ಷೆ ಹತ್ತಿರ ಬಂದಾಗ ರಾತ್ರಿಯಿಡೀ ಕೂತು ಬಯಾಲಜಿ ಮುಗಿಸಲು ಆಗುವುದಿಲ್ಲ. ಗಣಿತಕ್ಕೆ ಬೇಕಾದ್ದು ಲೆಕ್ಕ ಮಾಡುವ ಅಭ್ಯಾಸ, ಇದಕ್ಕೆ ಬೇಕಾದ್ದು ಮತ್ತೆ ಮತ್ತೆ ನೋಡುವುದು.

ನೀಟ್ ವಿಷಯದಲ್ಲಿ ಲೆಕ್ಕ ಸರಳ. 180 ಪ್ರಶ್ನೆ, 720 ಅಂಕ. ಅದರಲ್ಲಿ 90 ಪ್ರಶ್ನೆ, 360 ಅಂಕ ಬಯಾಲಜಿಯದ್ದೇ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಹೋಗುತ್ತದೆ. ಪ್ರಶ್ನೆ ಬರುವುದು ಹೆಚ್ಚಾಗಿ ಇದೇ ಪಠ್ಯದ ಸಾಲುಗಳಿಂದ, ಚಿತ್ರಗಳಿಂದ. ಕರ್ನಾಟಕದ ಕೇಂದ್ರಗಳಲ್ಲಿ ಕನ್ನಡದ ಪ್ರಶ್ನೆಪತ್ರಿಕೆಯೂ ಸಿಗುತ್ತದೆ, ಅದರಲ್ಲಿ ಇಂಗ್ಲಿಷೂ ಜೊತೆಗಿರುತ್ತದೆ. ಎರಡರಲ್ಲಿ ವ್ಯತ್ಯಾಸ ಬಂದರೆ ಇಂಗ್ಲಿಷೇ ಅಂತಿಮ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಆರು ತಿಂಗಳು ಕೋಚಿಂಗ್ ಬೇಡ. ಅವಳು ಮೊದಲು ಭಾಷೆಗೆ, ಲ್ಯಾಬಿಗೆ, ಬಸ್ಸಿಗೆ ಹೊಂದಿಕೊಳ್ಳಲಿ. ಡಿಸೆಂಬರ್ ಹೊತ್ತಿಗೆ ಫಿಸಿಕ್ಸ್‌ನಲ್ಲಿ ಕಷ್ಟ ಕಂಡರೆ ಫಿಸಿಕ್ಸ್‌ಗೆ ಟ್ಯೂಷನ್ ಹಾಕಿ. ಬಯಾಲಜಿಗೆ ಟ್ಯೂಷನ್ ಬೇಕಾಗುವುದು ಅಪರೂಪ.

ಡಾಕ್ಟರ್ ಒಂದೇ ಗುರಿ ಅಂತಲೂ ಮನೆಯಲ್ಲಿ ಹೇಳಬೇಡಿ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನಿಜ, ಆಸೆ ಸಹಜ. ಆದರೆ ಪೊನ್ನಂಪೇಟೆಯ ಅರಣ್ಯ ಕಾಲೇಜೂ ಇದೇ ಜಿಲ್ಲೆಯಲ್ಲಿದೆ. ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯ, ಇವಕ್ಕೆಲ್ಲ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿ ಮೂಲಕ ಹೋಗಬಹುದು. ಅದರಲ್ಲಿ ಬಯಾಲಜಿ 60 ಪ್ರಶ್ನೆ, 60 ಅಂಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಕ್ಟಿಕಲ್ ಪರೀಕ್ಷೆ ಇದೆ. ನಿಮ್ಮ ಮೂರು ಎಕರೆಯ ದಾಖಲೆಗಳನ್ನು ಸರಿ ಮಾಡಿ ಇಟ್ಟುಕೊಳ್ಳಿ, ಅರ್ಜಿ ಹಾಕುವ ವಾರದಲ್ಲಿ ನಾಡಕಚೇರಿಗೆ ಓಡುವ ಹಾಗಾಗಬಾರದು.

ಮೈಕ್ರೋಸ್ಕೋಪ್ ಬೇಡ. ಆನ್‌ಲೈನಿನಲ್ಲಿ ಕಮ್ಮಿ ಬೆಲೆಗೆ ಸಿಗುವ ಆಟಿಕೆಯ ಲೆನ್ಸ್‌ನಲ್ಲಿ ಈರುಳ್ಳಿ ಸಿಪ್ಪೆ ಕಂಡರೂ ಕ್ರೋಮೋಸೋಮು ಕಾಣುವುದಿಲ್ಲ. ಒಳ್ಳೆಯದಕ್ಕೆ ಸಾವಿರಾರು ರೂಪಾಯಿ ಬೇಕು, ಅದು ಕಾಲೇಜಿನಲ್ಲೇ ಇದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಮಡಚುವ ಲೆನ್ಸ್ ಒಂದು ಕೊಡಿಸಿ, ಹೂ ಸೀಳಿ ನೋಡಲು ಅದು ಸಾಕು. ಜೊತೆಗೆ ಎಚ್‌ಬಿ ಪೆನ್ಸಿಲ್ ನಾಲ್ಕು, ಒಳ್ಳೆಯ ರಬ್ಬರ್ ಒಂದು, ಡಿಸೆಕ್ಷನ್ ಬಾಕ್ಸ್ ಹಳೆಯದು ಸಿಕ್ಕರೆ ಹಳೆಯದೇ. ರೆಕಾರ್ಡ್ ಪುಸ್ತಕಕ್ಕೆ ಮಾತ್ರ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ. ಜುಲೈಯಲ್ಲಿ ಬ್ಯಾಗ್ ಒಳಗೂ ನೀರು ಹೋಗುತ್ತದೆ, ಸಹಿ ಆದ ಪುಟ ಅಳಿಸಿಹೋದರೆ ಆ ಚಿತ್ರ ಮತ್ತೆ ಬಿಡಿಸಲೇಬೇಕು.